ಅದು ಮಂಜಲ್ಲ, ಉಜ್ಜುಗಲ್ಲು

ಕಳೆದ ತಿಂಗಳು ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೊಳೆಯ ಕಡೆ ನಡೆಯುತ್ತಿದ್ದಾಗ ಸುಣ್ಣ ಅರಳುವ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಏಳುವ ಆ ಬಿಸಿ ವಾಸನೆ ಗಂಟಲು ಕೆರೆಯುತ್ತದೆ. ನಾನು ಅದನ್ನು ಮೂಸಿ ಹದಿನೈದು ವರ್ಷವಾಗಿತ್ತು. ಈಗ ಯಾರು ಸುಣ್ಣ ಅರಳಿಸುತ್ತಾರೆ? ಎಲ್ಲ ಮೂಟೆಯ ಸಿಮೆಂಟು, ಡಬ್ಬದ ಪೇಂಟು. ನೋಡಿದರೆ ವಾಸನೆ ಬರುತ್ತಿದ್ದದ್ದು ನಾನು ಹೋಗಬೇಕಿದ್ದ ಸಭಾಭವನದ ಹಿತ್ತಲಿನಿಂದಲೇ. ಒಳಗಿನ ಗೋಡೆಯ ಚಿತ್ರವನ್ನು ದುರಸ್ತಿ ಮಾಡಲು ಬಂದವರು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣ ನೆನೆಸಿದ್ದರು.

ಬಾಗಿಲ ಪಕ್ಕದಲ್ಲಿ ಕಪ್ಪು ಗ್ರಾನೈಟಿನ ಫಲಕ. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ: ಈ ಗೋಡೆಯ ಚಿತ್ರ ಬರೆದವರು ಇಟಲಿಯ ಆಧುನಿಕ ಚಿತ್ರಕಾರ ಟುಲ್ಲಿಯೊ ಮರ್ಕಾನ್ಸಿ, ಇಲ್ಲಿ ಆಕಾರಗಳ ಅಂಚು ಕರಗಿರುವುದು ಕಲಾವಿದನ ಹುಟ್ಟೂರಿನ ನದಿಯ ಮಂಜಿನ ನೆನಪು. ಓದಿ ಮೈಯೆಲ್ಲ ಉರಿಯಿತು. ಬೇರೆ ಯಾರಾದರೂ ಬರೆದ ಸುಳ್ಳಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆ ವಾಕ್ಯ ಬರೆದವನು ನಾನೇ.

ನನ್ನನ್ನು ಅಲ್ಲಿಗೆ ಕರೆಸಿದ್ದು ಸುಜಾತ. ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಹೆಡತಲೆ ಎಂಬ ಊರಿನ ಗಾರೆ ಕೆಲಸದ ಪುಟ್ಟಮಾದಯ್ಯನವರ ಮಗಳು. ಫೋನಿನಲ್ಲಿ ಆಕೆ ನಮಸ್ಕಾರ ಕೂಡ ಹೇಳಲಿಲ್ಲ. "ಸಾರ್, ಆ ಗೋಡೆ ಚಿತ್ರನ ನಮ್ಮಪ್ಪನೇ ಉಜ್ಜಿ ಕೆಡಿಸ್ದ ಅಂತ ರಿಪೋರ್ಟ್ ಬರೀತಾವ್ರೆ. ಉಜ್ಜಿರೋದನ್ನೆಲ್ಲ ಕೆರೆದು ತೆಗೆದು ಅಂಚು ತಿದ್ತಾರಂತೆ. ಆವತ್ತು ಅಲ್ಲಿದ್ದೋರು ನೀವೊಬ್ರೇ. ಬಂದು ಯೋಳ್ತೀರೋ, ಇಲ್ವೋ?"

ಬರುತ್ತೇನೆ ಎಂದೆ. ಏನು ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಆ ಗೋಡೆಯ ಚಿತ್ರ ಬರೆದ ವರ್ಷ ನಾನು ಮೈಸೂರಿನಲ್ಲಿ ಕಲಾ ಇತಿಹಾಸದ ಎಂ.ಎ. ಮುಗಿಸಿ, ನಂಜನಗೂಡಿನಲ್ಲಿ ಅಪ್ಪನ ಫೋಟೋ ಫ್ರೇಮಿನ ಅಂಗಡಿಯಲ್ಲಿ ದೇವರ ಪಟಗಳಿಗೆ ಗಾಜು ಕತ್ತರಿಸಿಕೊಂಡು ಕೂತಿದ್ದೆ. ಆಷಾಢದಲ್ಲಿ ಟುಲ್ಲಿಯೊ ಬಂದ. ನಮ್ಮ ಕಡೆ ಆಷಾಢದ ಮಳೆ ಹೆಸರಿಗೆ ಮಾತ್ರ. ಮೇಲೆ ವಯನಾಡಿನಲ್ಲಿ, ಕೊಡಗಿನಲ್ಲಿ ಸುರಿಯುತ್ತದೆ. ಇಲ್ಲಿ ಬರೀ ಜುಮುರು ಹನಿ, ಗಾಳಿ, ಮೋಡ. ಆದರೆ ಕಪಿಲೆ ಕಾವೇರಿ ಎರಡೂ ಕೆಂಪಗೆ ತುಂಬಿ ಬಂದು ನರಸೀಪುರದಲ್ಲಿ ಕೂಡುತ್ತವೆ. ಬೀಳದ ಮಳೆಯ ನೀರನ್ನು ಊರಿನವರು ದಡದಲ್ಲಿ ನಿಂತು ನೋಡುತ್ತಾರೆ. ಟುಲ್ಲಿಯೊ ಕೂಡ ಮೊದಲ ದಿನ ಒಂದು ಗಂಟೆ ನಿಂತು ನೋಡಿದ. ಅವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ತನ್ನ ಊರಿನ ಹೊಳೆಯೂ ಹೀಗೇ ಬೇರೆಯವರ ಮಳೆ ಹೊತ್ತು ಬರುತ್ತದೆ ಎಂದ. ಹಾಗೆಂದ ಎಂದು ನನ್ನ ನೆನಪು. ಅವನ ಇಂಗ್ಲಿಷು ಅರ್ಧ, ನನ್ನದು ಮುಕ್ಕಾಲು. ಎರಡೂ ಸೇರಿ ಅವನು ಆಡದ ಎಷ್ಟು ಮಾತನ್ನು ಹುಟ್ಟಿಸಿವೆಯೋ.

ಅವನು ಉತ್ತರ ಇಟಲಿಯವನು. ಅಪ್ಪ ಮನೆಗಳಿಗೆ ಗಾರೆ ಮಾಡುತ್ತಿದ್ದವನು, ಮಗ ಹತ್ತು ವರ್ಷ ಅವನಿಗೆ ಸುಣ್ಣ ಕಲಸಿಕೊಟ್ಟವನು. ಆಮೇಲೆ ಮಿಲಾನಿನ ಕಲಾಶಾಲೆ, ಆಮೇಲೆ ನಾಲ್ಕನೇ ಮಹಡಿಯ ಒಂದು ಕೋಣೆ. ಆ ಕೋಣೆಯಲ್ಲಿ ನಲವತ್ತು ವರ್ಷ ಅವನು ಬರೆದದ್ದು ಐದೇ ವಸ್ತು: ಬೋಗುಣಿ, ಮಣೆ, ಮಡಚಿದ ಬಟ್ಟೆ, ಏಣಿ, ಅರ್ಧ ತೆರೆದ ಬಾಗಿಲು. ಇಟ್ಟಿಗೆಯ ಕೆಂಪು, ಬೂದಿ, ಸುಣ್ಣದ ಬಿಳಿ, ತಣ್ಣನೆಯ ಒಂದು ನೀಲಿ, ಐದನೆಯ ಬಣ್ಣವಿಲ್ಲ. ನೆರಳಿಲ್ಲ, ಹೊಳಪಿಲ್ಲ. ಅಂಚುಗಳಂತೂ ಬೆರಳಿಟ್ಟರೆ ಕೊಯ್ಯುವಂತಿದ್ದವು. ಅವನ ಹೆಸರೇ ಆ ಅಂಚಿನಿಂದ ಬೆಳೆದದ್ದು. ಒಂದು ವಸ್ತು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದವನಿಗೆ ಅದನ್ನು ಬರೆಯುವ ಹಕ್ಕಿಲ್ಲ ಎನ್ನುತ್ತಿದ್ದ. ನನಗೆ ಆ ಬಿಗುಮಾನ ಇಷ್ಟವಾಗಿತ್ತು.

ಹೆಂಡತಿ ಸತ್ತ ಮೇಲೆ ಕ್ಯಾನ್ವಾಸು ಮುಟ್ಟಲು ಮನಸ್ಸಾಗಲಿಲ್ಲವಂತೆ. ಮೈಸೂರಿಗೆ ಉಪನ್ಯಾಸಕ್ಕೆ ಬಂದವನು ಒಂದು ಗೋಡೆ ಬೇಕು ಎಂದ. ಹಸಿ ಸುಣ್ಣದ ಗೋಡೆ. ಗಾರೆ ಒಣಗುವ ಮೊದಲೇ ಬಣ್ಣ ಹಾಕಿದರೆ ಬಣ್ಣ ಗೋಡೆಯೊಳಗೇ ಕೂರುತ್ತದೆ, ಅವನ ದೇಶದ ಹಳೆಯ ಪದ್ಧತಿ. ನರಸೀಪುರದ ಅಕ್ಕಿ ಗಿರಣಿಯ ಯಜಮಾನರು ಶಿವಬಸಪ್ಪನವರು ತಮ್ಮ ಭವನದ ಇಡೀ ಪಡುಗೋಡೆ ಬಿಟ್ಟುಕೊಟ್ಟರು. ನಾನು ದುಭಾಷಿಯಾದೆ.

ಸಿಮೆಂಟಿನ ಮೇಸ್ತ್ರಿಗಳು ಸುಣ್ಣದ ಗಾರೆ ಎಂದರೆ ನಕ್ಕರು. ಕೊನೆಗೆ ಯಾರೋ ಹೆಡತಲೆಯ ಪುಟ್ಟಮಾದಯ್ಯನವರ ಹೆಸರು ಹೇಳಿದರು. ಐವತ್ತರ ಮೇಲಿನ ಆಳು, ಸಣಕಲು, ಮಾತು ಚುರುಕು. ಗೋಡೆಯನ್ನು ಮುಟ್ಟುವ ಮೊದಲೇ ಇಪ್ಪತ್ತು ದಿನ ಗುಂಡಿಯಲ್ಲಿ ಸುಣ್ಣ ಕೊಳೆಹಾಕಿದರು. ಮರಳನ್ನು ಮೂರು ಸಲ ತೊಳೆದರು. ಬೆಲ್ಲ, ಅಳಲೆಕಾಯಿ ನೀರು ಸೇರಿಸಿದರು. ಟುಲ್ಲಿಯೊ ಬೆಲ್ಲ ಬೇಡವೆಂದ. "ನಿಮ್ಮೂರಲ್ಲಿ ಆಕ್ದೆ ಇರ್ಬೋದು ಸಾಮಿ, ನಮ್ಮೂರ ಗಾರೆ ಬೆಲ್ಲ ಕೇಳ್ತದೆ" ಎಂದರು ಪುಟ್ಟಮಾದಯ್ಯ. ಮಾರನೆಯ ದಿನ ಟುಲ್ಲಿಯೊ ಗಾರೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ತಲೆಯಾಡಿಸಿದ. ಇಬ್ಬರೂ ಅವತ್ತಿನಿಂದ ನನ್ನ ಮೂಲಕ ಮಾತಾಡುವುದನ್ನು ಕಡಿಮೆ ಮಾಡಿದರು. ನನಗೆ ಸ್ವಲ್ಪ ಅವಮಾನವಾಗಿತ್ತು, ಹೇಳಿಬಿಡುತ್ತೇನೆ.

ಕೆಲಸದ ಕ್ರಮ ಹೀಗೆ. ಬೆಳಿಗ್ಗೆ ಪುಟ್ಟಮಾದಯ್ಯ ಗೋಡೆಯ ಒಂದು ತುಂಡಿಗಷ್ಟೇ ಹಸಿ ಗಾರೆ ಮೆತ್ತುವುದು. ಸಂಜೆಯೊಳಗೆ ಟುಲ್ಲಿಯೊ ಅಷ್ಟರ ಮೇಲೆ ಬರೆದು ಮುಗಿಸುವುದು. ಮಿಕ್ಕ ಗಾರೆಯನ್ನು ಚಾಕುವಿನಲ್ಲಿ ಓರೆಯಾಗಿ ಕತ್ತರಿಸುವುದು. ಮಾರನೆಯ ದಿನ ಆ ಕತ್ತರಿಸಿದ ಅಂಚಿಗೆ ಹೊಸ ತುಂಡು. ಹೀಗಾಗಿ ದಿನಕ್ಕೊಂದು ಜೋಡು ಗೋಡೆಯ ಮೇಲೆ ಗೆರೆಯಾಗಿ ಉಳಿಯುತ್ತದೆ. ಟುಲ್ಲಿಯೊಗೆ ಆ ಗೆರೆ ಬೇಕು. ಅವನ ಹರಿತ ಅಂಚುಗಳು ಅದರ ಮೇಲೇ ಕೂರುತ್ತಿದ್ದವು.

ಪುಟ್ಟಮಾದಯ್ಯನವರಿಗೆ ಅದು ಸಂಕಟ. ನಮ್ಮ ಕಡೆಯ ಗಾರೆಯಲ್ಲಿ ಜೋಡು ಕಂಡರೆ ಮಾಡಿದವನ ಮರ್ಯಾದೆ ಹೋಯಿತು. ಗೋಡೆ ಇಡಿಯಾಗಿ ಒಂದೇ ಆಗಬೇಕು, ನುಣ್ಣನೆಯ ಹೊಳೆಗಲ್ಲಿನಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಂತಾಗಬೇಕು. ಐದು ದಿನ ಅವರು ತಡೆದುಕೊಂಡರು. ಆರನೆಯ ದಿನ, ಮಧ್ಯಾಹ್ನ ಟುಲ್ಲಿಯೊ ಉಂಡು ಮಲಗಿದ್ದಾಗ, ನಾನು ಚಹಾ ತೆಗೆದುಕೊಂಡು ಒಳಗೆ ಬಂದೆ. ಪುಟ್ಟಮಾದಯ್ಯ ಹಲಗೆಯ ಮೇಲೆ ನಿಂತು, ಸುಣ್ಣದ ತಿಳಿಯಲ್ಲಿ ಅದ್ದಿದ ಕಲ್ಲಿನಿಂದ ಜೋಡನ್ನು ಉಜ್ಜುತ್ತಿದ್ದರು. ಕೆಂಪು ಬೋಗುಣಿಯ ಅಂಚು ಬೂದಿಬಣ್ಣದೊಳಕ್ಕೆ ಎಳೆದುಕೊಂಡು ಹೋಗಿತ್ತು.

"ಅಯ್ಯೋ, ಏನ್ ಮಾಡ್ತಿದ್ದೀರಿ ಪುಟ್ಟಮಾದಣ್ಣ!"

"ಗಾಯ ಮುಚ್ಚುತಾವ್ನಿ ಸಾ."

"ಅದು ಗಾಯ ಅಲ್ಲ, ಅವರಿಗೆ ಬೇಕಾಗಿರೋ ಗೆರೆ!"

"ಅವ್ರಿಗೇನಾಯ್ತದೆ, ಇಮಾನ ಅತ್ಕಂಡು ಓಯ್ತಾರೆ. ನಾಳಿಕೆ ನೋಡ್ದೋರು ಇದ್ಯಾವ ಬೇವರ್ಸಿ ಮಾಡ್ದ ಗ್ವಾಡೆ ಅಂತ ಕ್ಯಾಕರ್ಸಿ ಉಗಿಯೋದು ನಂಗೆ."

ಟುಲ್ಲಿಯೊ ಎದ್ದು ಬಂದ. ಕೂಗಾಡಿದ. ಕುಂಚವನ್ನು ನೆಲಕ್ಕೆ ಎಸೆದ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಿಜವಾಗಿ ಎಸೆದನೋ, ನಾನೇ ಹೇಳಿ ಹೇಳಿ ಎಸೆಸಿದೆನೋ, ಗೊತ್ತಿಲ್ಲ. ಕೂಗುತ್ತಿದ್ದವನು ಗೋಡೆಯ ಮುಂದೆ ನಿಂತ. ಬಗ್ಗಿ ನೋಡಿದ. ಆ ಬೋಗುಣಿ ಮೊದಲ ಸಲ ಯಾರದೋ ಮನೆಯಲ್ಲಿರುವ ಬೋಗುಣಿಯಂತೆ ಕಾಣುತ್ತಿತ್ತು, ದಿನಾ ಹಿಡಿದ ಕೈ ಅದರ ಅಂಚನ್ನು ಸವೆಸಿದಂತೆ. ಮಾರನೆಯ ದಿನ ಬಣ್ಣ ಹಾಕಿ ಮುಗಿದ ಮೇಲೆ ಅವನೇ ಹಲಗೆಯಿಂದ ಇಳಿದು, ಪುಟ್ಟಮಾದಯ್ಯನವರಿಗೆ ಗೋಡೆಯ ಕಡೆ ಕೈ ತೋರಿಸಿ, ಕಲ್ಲನ್ನು ತಾನೇ ಎತ್ತಿಕೊಟ್ಟ. ಅವತ್ತಿನಿಂದ ಕೆಲಸ ಮುಗಿಯುವ ತನಕ ಹಾಗೇ ನಡೆಯಿತು. ಒಬ್ಬ ಬಣ್ಣ ಹಾಕುವುದು, ಇನ್ನೊಬ್ಬ ಅಂಚು ಉಜ್ಜುವುದು. ಎಲ್ಲಿ ಎಷ್ಟು ಉಜ್ಜಬೇಕೆಂದು ಟುಲ್ಲಿಯೊ ಹೇಳುತ್ತಿರಲಿಲ್ಲ; ಕೂತು ನೋಡುತ್ತಿದ್ದ.

ಮುಂದಿನ ವರ್ಷ ಮಿಲಾನಿನಲ್ಲಿ ಆ ಗೋಡೆಯ ದೊಡ್ಡ ಫೋಟೋಗಳ ಪ್ರದರ್ಶನವಾಯಿತು. ಮರ್ಕಾನ್ಸಿಯ ಹೊಸ ಶೈಲಿ, ವೃದ್ಧಾಪ್ಯದ ಮೃದುತ್ವ ಎಂದು ಅಲ್ಲಿಯವರು ಕೊಂಡಾಡಿದರು. ಪ್ರದರ್ಶನದ ಪುಸ್ತಕಕ್ಕೆ ಲೇಖನ ಬರೆಯಲು ನನಗೆ ಹೇಳಿದ್ದರು. ಬರೆದೆ. ಅದರಲ್ಲಿ ಪುಟ್ಟಮಾದಯ್ಯನವರ ಬಗ್ಗೆ ಒಂದು ಪ್ಯಾರಾ ಇತ್ತು. ಗ್ಯಾಲರಿಯ ಹೆಂಗಸು ಪತ್ರ ಬರೆದಳು: ಲೇಖನ ಸೊಗಸಾಗಿದೆ, ಆದರೆ ಈ ಪ್ಯಾರಾ ಓದುಗರನ್ನು ಗೊಂದಲಕ್ಕೆ ತಳ್ಳುತ್ತದೆ, ಬದಲಿಗೆ ಕಲಾವಿದನ ಊರಿನ ಮಂಜಿನ ಬಗ್ಗೆ ಏನಾದರೂ ಬರೆಯಬಹುದೇ? ಅದೇ ಪತ್ರದ ಕೊನೆಯಲ್ಲಿ ನನ್ನನ್ನು ಮೂರು ತಿಂಗಳ ಅಧ್ಯಯನಕ್ಕೆ ಇಟಲಿಗೆ ಕರೆದಿದ್ದಳು.

ನಾನು ಆಗಬಹುದು ಎಂದೆ. ಆ ಊರಿನ ಮಂಜನ್ನು ಕಣ್ಣಿಂದ ಕಾಣದವನು ಮಂಜಿನ ಮೇಲೆ ಬರೆದೆ. ನನಗೆ ನಾನೇ ಕೊಟ್ಟುಕೊಂಡ ನೆಪ ಏನು ಗೊತ್ತೆ? ಒಬ್ಬನೇ ಸಾಕ್ಷಿ ಇರುವ ಘಟನೆಯನ್ನು ಇತಿಹಾಸವೆಂದು ಬರೆಯಬಾರದು ಎಂದು ವಿಶ್ವವಿದ್ಯಾಲಯ ಕಲಿಸಿತ್ತಲ್ಲ. ಆ ಒಬ್ಬ ಸಾಕ್ಷಿ ನಾನೇ ಆಗಿದ್ದೆ. ನನ್ನನ್ನೇ ನಂಬದಿರುವುದು ವಿದ್ವತ್ತು ಎಂದುಕೊಂಡು ವಿಮಾನ ಹತ್ತಿದೆ. ಪುಸ್ತಕದಲ್ಲಿ ಟುಲ್ಲಿಯೊ ಬರೆಯುತ್ತಿರುವ ಒಂದು ಫೋಟೋ ಇದೆ. ಅದರ ಮೂಲೆಯಲ್ಲಿ ಕಲ್ಲು ಹಿಡಿದ ಒಂದು ಕಪ್ಪು ಕೈ, ಮಣಿಕಟ್ಟಿನವರೆಗೆ. ಉಳಿದ ಮನುಷ್ಯನನ್ನು ಅಂದವಾಗಿ ಕತ್ತರಿಸಿದ್ದರು. ಕೆಳಗೆ "ಸ್ಥಳೀಯ ಸಹಾಯಕರೊಂದಿಗೆ" ಎಂದಿತ್ತು.

ಇಟಲಿಯಲ್ಲಿ ಟುಲ್ಲಿಯೊನ ಕೋಣೆಗೆ ಹೋಗಿದ್ದೆ. ಗೋಡೆಗೆ ಒರಗಿಸಿದ ಹೊಸ ಕ್ಯಾನ್ವಾಸುಗಳಲ್ಲಿ ಅಂಚುಗಳನ್ನು ಬಟ್ಟೆಯಿಂದ ಒರೆಸಿದ್ದ. ಕೊಳೆಯಾದಂತೆ ಕಾಣುತ್ತಿದ್ದವು. ಅವನೇ ಅವುಗಳನ್ನು ಮುಖ ಮರೆಸಿ ತಿರುಗಿಸಿಟ್ಟ. "ಆ ಕೈ ಇಲ್ಲಿಲ್ಲ" ಎಂದ. ಹಾಗೆ ನನ್ನೊಬ್ಬನ ಮುಂದೆ ಹೇಳಿದವನು ಪತ್ರಿಕೆಗಳ ಮುಂದೆ ಮಂಜಿನ ಮಾತನ್ನೇ ಆಡಿದ. ಗಾರೆಯವನ ಮಗ! ತನ್ನ ಅಪ್ಪನ ಹೆಸರು ಯಾವ ಗೋಡೆಯ ಮೇಲೂ ಉಳಿಯಲಿಲ್ಲ ಎಂದು ನರಸೀಪುರದಲ್ಲಿ ಕಣ್ಣೀರು ಹಾಕಿದ್ದ ಮನುಷ್ಯ. ಅವನು ತೀರಿಕೊಂಡ ಸುದ್ದಿ ಬಂದಾಗ ನನಗೆ ದುಃಖವೂ ಆಯಿತು, ಕೋಪವೂ ಬಂತು. ಕೋಪ ಮಾತ್ರ ಇನ್ನೂ ಇದೆ.

ಇಷ್ಟನ್ನು ಹೊತ್ತುಕೊಂಡು ಕಳೆದ ತಿಂಗಳು ಆ ಭವನದ ಒಳಗೆ ಕಾಲಿಟ್ಟೆ.

ಗೋಡೆಯ ಮುಂದೆ ನಾಲ್ಕು ಕುರ್ಚಿ. ಶಿವಬಸಪ್ಪನವರು ಒಂದರಲ್ಲಿ, ವಯಸ್ಸಾಗಿದೆ, ದನಿ ಹಾಗೇ ಇದೆ. ದುರಸ್ತಿಯ ತಜ್ಞೆ ಒಂದರಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪು. ಒಂದು ನನಗೆ. ನಾಲ್ಕನೆಯದು ಖಾಲಿ. ಪುಟ್ಟಮಾದಯ್ಯ ಕಂಬಕ್ಕೆ ಒರಗಿ ನಿಂತಿದ್ದರು, ಪಕ್ಕದಲ್ಲಿ ಸುಜಾತ.

ತಜ್ಞೆ ಕೆಟ್ಟವಳಲ್ಲ, ಕೆಲಸ ಬಲ್ಲವಳು. ಗೋಡೆಯ ಪಕ್ಕದಿಂದ ಓರೆಯಾಗಿ ದೀಪ ಬಿಟ್ಟು ತೋರಿಸಿದಳು. "ನೋಡಿ ಸರ್, ಕೆಳಗೆ ಕುಂಚದ ಗುರುತು ಇದೆ, ಅದರ ಮೇಲೆ ಉಜ್ಜಿದ ಗುರುತು. ಎರಡೂ ಒಂದೇ ಕೈ ಅಲ್ಲ. ಅವರ ಹಿಂದಿನ ಎಲ್ಲ ಚಿತ್ರದಲ್ಲೂ ಅಂಚು ಶಾರ್ಪ್ ಆಗಿದೆ. ಅಂದ್ರೆ ಯಾರೋ ಆಮೇಲೆ ಇದನ್ನ ಹಾಳು ಮಾಡಿದ್ದಾರೆ."

ಇಷ್ಟು ವರ್ಷ ಮಂಜಾಗಿದ್ದದ್ದು ಈಗ ಹಾಳಾಯಿತು. ಚೆಂದವೆಂದು ಕಂಡಾಗ ಅದು ಇಟಲಿಯವನದು. ಬೇರೆ ಕೈಯೆಂದು ಗೊತ್ತಾದ ತಕ್ಷಣ ಅದು ಕೊಳೆ, ಕೆರೆದು ತೆಗೆಯಬೇಕು. ನನ್ನ ಸುಳ್ಳು ಆ ಕೈಯನ್ನು ಬರೀ ಮರೆಸಿರಲಿಲ್ಲ, ಅದನ್ನು ಅಪರಾಧಿ ಮಾಡುವುದಕ್ಕೆ ದಾರಿ ಮಾಡಿಟ್ಟಿತ್ತು.

"ಇನ್ಯಾರು ಮಾಡ್ತಾರೆ, ಈ ಮಾದನೇ" ಎಂದರು ಶಿವಬಸಪ್ಪನವರು. "ಲೇ, ಆ ದೊಡ್ಡ ಮನುಷ್ಯ ಮಲಗಿದ್ ಟೈಮ್‌ನಲ್ಲಿ ಉಜ್ಜಿದ್ದು ನೀನೇ ತಾನೆ?"

"ನಾನೇ ಬುದ್ಧಿ. ಇಲ್ಲ ಅಂದಿಲ್ವಲ್ಲ."

"ನೋಡಿ ಮೇಡಂ, ಬಾಯಿಬಿಟ್ಟ. ಬರ್ಕೊಳಿ."

"ಮೊದಲ್ನೇ ದಿನ ಯೋಳ್ದೆ ಕೇಳ್ದೆ ಉಜ್ಜಿದ್ದು. ಆಮ್ಯಾಕೆ ಟುಲ್ಲಪ್ಪೋರೇ ಕಲ್ಲು ಕೈಗೆ ಕೊಟ್ರು. ಯೋಳಿ ಸಾ, ನೀವಿದ್ರಲ್ಲ" ಎಂದು ಮುದುಕ ನನ್ನ ಕಡೆ ತಿರುಗಿದರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಿಂದ ಬಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. "ಬಹಳ ವರ್ಷ ಆಯ್ತು. ಕಲ್ಲು ಕೊಟ್ಟದ್ದನ್ನ ನಾನೇ ನೋಡಿದ್ನೋ, ಇವರು ಆಮೇಲೆ ಹೇಳಿದ್ರೋ... ನೆನಪು ಅನ್ನೋದು..."

"ನೆನಪು ಅನ್ನೋದು ಏನ್ ಸಾರ್?" ಸುಜಾತಳ ದನಿ ಏರಲಿಲ್ಲ. "ಮಂಜಿನ್ ಬಗ್ಗೆ ಪುಸ್ತಕದಲ್ಲಿ ಬರೆಯೋವಾಗ ಚೆನ್ನಾಗಿತ್ತಲ್ಲ ನಿಮ್ಮ ನೆನಪು? ನೋಡ್ದೆ ಇರೋ ಮಂಜು ನೆನಪಿರುತ್ತೆ, ನೋಡಿದ್ ನಮ್ಮಪ್ಪ ನೆನಪಿರಲ್ಲ. ಒಳ್ಳೆ ಓದು ಓದಿದ್ದೀರ ಬುಡಿ."

ಶಿವಬಸಪ್ಪನವರು ನಕ್ಕರು. "ಏನ್ರೀ ಪಂಡಿತ್ರೇ, ಹೆಣ್ಣುಮಗಳ ಕೈಲಿ ಹಿಂಗೆ ಅನ್ನಿಸ್ಕೊಂಡ್ರಿ."

ಆ ನಗು ನನ್ನನ್ನು ಚುಚ್ಚಿತು. ನನಗೆ ಖಚಿತವಾಗಿ ಗೊತ್ತಿರುವುದು ಏನು ಎಂದು ನನ್ನನ್ನೇ ಕೇಳಿಕೊಂಡೆ. ಕುಂಚ ಎಸೆದದ್ದು ಗೊತ್ತಿಲ್ಲ. ಕಲ್ಲನ್ನು ಬಲಗೈಯಲ್ಲಿ ಕೊಟ್ಟನೋ ಎಡಗೈಯಲ್ಲೋ ಗೊತ್ತಿಲ್ಲ. ಎಷ್ಟು ದಿನ, ಗೊತ್ತಿಲ್ಲ. ಆದರೆ ಒಂದು ಸಂಗತಿಯ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಆ ಪ್ಯಾರಾವನ್ನು ನಾನು ಅಳಿಸಿದ್ದೆ. ಫ್ರೇಮಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೆಳಿಗ್ಗೆ ತಿಂಡಿ ತಿಂದ ಮೇಲೆ, ಒಂದೊಂದೇ ಸಾಲು ಆರಿಸಿ. ಇಲ್ಲದ್ದನ್ನು ಯಾರೂ ಅಷ್ಟು ಎಚ್ಚರದಿಂದ ಅಳಿಸುವುದಿಲ್ಲ. ನೋಡಿದ ಮರುವರ್ಷವೇ, ನೆನಪು ಹಸಿಯಿದ್ದಾಗ ಬರೆದದ್ದನ್ನು, ಬರೆದವನೇ ತನ್ನ ಲಾಭಕ್ಕೆ ಅಳಿಸಿದ್ದ. ವಿಶ್ವವಿದ್ಯಾಲಯ ಕೇಳುವ ಸಾಕ್ಷ್ಯ ಇದಕ್ಕಿಂತ ಬೇರೆ ಬೇಕೆ?

ಎದ್ದು ನಿಂತು ಅಷ್ಟನ್ನೂ ಹೇಳಿದೆ. ಗ್ಯಾಲರಿಯ ಪತ್ರ, ಮೂರು ತಿಂಗಳ ಇಟಲಿ, ಎಲ್ಲ. "ಹೊರಗಿನ ಫಲಕದ ಮೇಲಿರೋದು ಸುಳ್ಳು. ಸುಳ್ಳು ನನ್ನದು. ಈ ಅಂಚು ಕೆರೆದರೆ ಚಿತ್ರದ ಅರ್ಧ ಕೆರೆದಂತೆ" ಎಂದೆ. ತಜ್ಞೆ ಲ್ಯಾಪ್‌ಟಾಪು ಮುಚ್ಚಿ ಬಿಳಿ ಹಾಳೆ ಕೊಟ್ಟಳು. "ಬರೆದು ಸೈನ್ ಮಾಡಿ ಸರ್. ಇದಿಲ್ಲದೆ ನಾನು ನಿಲ್ಲಿಸೋಕಾಗಲ್ಲ."

ಬರೆದು ಗಟ್ಟಿಯಾಗಿ ಓದಿದೆ. "ಪುಟ್ಟಮಾದಯ್ಯನವರು ಕಲಾವಿದರ ಸಹಾಯಕರಾಗಿ..."

"ನಿಲ್ಸಿ ಸಾ." ಮುದುಕ ಕಂಬ ಬಿಟ್ಟು ಮುಂದೆ ಬಂದರು. "ನಾನು ಸಾಯ ಮಾಡ್ನಿಲ್ಲ. ಸಾಯ ಮಾಡೋನು ನೀರು ತಂದುಕೊಡ್ತಾನೆ. ಆವಪ್ಪ ಬಣ್ಣ ಆಕ್ದ, ನಾನು ಅಂಚು ಮಾಡ್ದೆ. ಅಂಗೆ ಬರೀರಿ."

"ಓಹೋ, ಇವ್ನೂ ಕಲಾವಿದನೇ ಆಗ್ಬುಟ್ಟ!" ಎಂದರು ಶಿವಬಸಪ್ಪನವರು.

ನಾನು ಆ ಪದವನ್ನು ಹೊಡೆದು ಹಾಕಿ ಮುದುಕ ಹೇಳಿದ ಹಾಗೇ ಬರೆದೆ. ಸಹಿ ಮಾಡಿದೆ. ಸುಜಾತ ಹಾಳೆ ಇಸಿದುಕೊಂಡು ಮೊಬೈಲಿನಲ್ಲಿ ಎರಡು ಸಲ ಫೋಟೋ ತೆಗೆದುಕೊಂಡಳು. ನನಗೆ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ತಜ್ಞೆ ಮುದುಕನ ಬಳಿ ಹೋಗಿ ಕೇಳಿದಳು: "ಯಜಮಾನ್ರೇ, ಒಳಗಡೆ ಗಾರೆ ಎಲ್ಲೆಲ್ಲಿ ಗೋಡೆ ಬಿಟ್ಟು ಟೊಳ್ಳಾಗಿದೆ ಅಂತ ನಿಮಗೆ ಗೊತ್ತಾಗತ್ತಾ?"

ಪುಟ್ಟಮಾದಯ್ಯ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಹೋದರು. ಬೋಗುಣಿಯ ಪಕ್ಕ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದರು. ಒಂದು ಅಡಿ ಸರಿದು ಇನ್ನೊಮ್ಮೆ ಕುಟ್ಟಿದರು. ಶಿವಬಸಪ್ಪನವರು ಹಿಂದಿನಿಂದ ಫಲಕಕ್ಕೆ ತಗುಲಿದ ಖರ್ಚು, ಮಠದ ಸ್ವಾಮಿಗಳು ಬಂದು ಉದ್ಘಾಟಿಸಿದ್ದು, ಈಗ ಅದನ್ನು ಬದಲಾಯಿಸಿದರೆ ಜನ ಏನಂದಾರು ಎಂದು ಹೇಳುತ್ತಲೇ ಇದ್ದರು.

ಮುದುಕ ಗೋಡೆಯಿಂದ ಕಿವಿ ತೆಗೆಯಲಿಲ್ಲ, ತಿರುಗಿ ನೋಡಲೂ ಇಲ್ಲ.

"ವಸಿ ಸುಮ್ಕಿರಪ್ಪ" ಎಂದರು. "ನನ್ ಗ್ವಾಡೆ ಏನಂತದೆ ಕೇಳ್ಬೇಕು."